ಮೇಜು ಸರಿದರೂ ಕರೆಂಟು, ನೆಟ್‌ವರ್ಕ್ ತಪ್ಪದಂತೆ: ಕೊಡಗಿನ ಕಚೇರಿಗೆ ಜೋಡಣೆಯ ಕೈಪಿಡಿ

ಕೊಡಗಿನ ಕಚೇರಿಗಳಲ್ಲಿ ಮೇಜುಗಳು ವರ್ಷವಿಡೀ ಒಂದೇ ಕಡೆ ನಿಲ್ಲುವುದಿಲ್ಲ. ಗೋಣಿಕೊಪ್ಪ, ಸಿದ್ದಾಪುರ, ಕುಶಾಲನಗರದ ಕಾಫಿ ವ್ಯಾಪಾರದ ಕಚೇರಿಗಳಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತೂಕದ ಚೀಟಿ ಬರೆಯಲು, ಬಿಲ್ ಹಾಕಲು ಹೆಚ್ಚು ಜನ ಬೇಕು. ಮಳೆಗಾಲದಲ್ಲಿ ಅದೇ ಹಾಲ್ ಅರ್ಧ ಖಾಲಿ. ಪಡುವಣ ಗೋಡೆಗೆ ಇರಚಲು ಹೊಡೆದು ತೇವ ಏರಿತೆಂದರೆ ಆ ಕಡೆಯ ಮೇಜುಗಳನ್ನು ಒಳಕ್ಕೆ ಎಳೆದುಕೊಳ್ಳಬೇಕು. ಹೀಗೆ ಮೇಜು ಸರಿದಾಗಲೆಲ್ಲ ಅದರ ಹಿಂದೆ ಎಕ್ಸ್‌ಟೆನ್ಶನ್ ಬೋರ್ಡೂ ಸರಿಯುತ್ತದೆ. ಒಂದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಸಿಕ್ಕಿಸಿ, ಜೂನ್‌ನಲ್ಲಿ ಬೆವರುವ ನೆಲದ ಮೇಲೆ ಎಲ್ಲವೂ ಬಿದ್ದಿರುತ್ತವೆ. ಬೆಂಕಿಗೂ ಶಾಕ್‌ಗೂ ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ಇದಕ್ಕೆ ಪರಿಹಾರ, ವಿದ್ಯುತ್ತನ್ನೂ ಡೇಟಾವನ್ನೂ ತಾನೇ ಹೊರುವ ಪೀಠೋಪಕರಣ. ದೊಡ್ಡ ಕಂಪನಿಗಳ ಸಿದ್ಧ ವ್ಯವಸ್ಥೆಗಳು ಸಿಗುತ್ತವೆ. ಆದರೆ ಅವುಗಳ ಹಿಂದಿನ ತತ್ವ ಸರಳ, ಮಡಿಕೇರಿಯ ಒಬ್ಬ ಬಡಗಿ, ಒಬ್ಬ ವೆಲ್ಡರ್, ಪರವಾನಗಿ ಇರುವ ಒಬ್ಬ ವಿದ್ಯುತ್ ಗುತ್ತಿಗೆದಾರ ಸೇರಿದರೆ ಇಲ್ಲೇ ಮಾಡಿಸಬಹುದು. ಆ ತತ್ವ ಇಷ್ಟು: ಮೇಜಿಗೆ ವೈರ್ ಇರಬಾರದು. ವೈರೆಲ್ಲ ಮೇಜುಗಳ ನಡುವೆ ಸ್ವಂತ ಕಾಲಿನ ಮೇಲೆ ನಿಲ್ಲುವ ಒಂದು ಉಕ್ಕಿನ ತೊಟ್ಟಿಯಲ್ಲಿರಬೇಕು. ಅದನ್ನು ಇಲ್ಲಿ ಬೆನ್ನುಪೆಟ್ಟಿಗೆ ಎಂದು ಕರೆಯೋಣ. ಪೆಟ್ಟಿಗೆಯಿಂದ ಗೋಡೆಗೆ ಹೋಗುವುದು ನಾಲ್ಕೇ ಕೇಬಲ್: ಎರಡು ವಿದ್ಯುತ್ತಿಗೆ, ಎರಡು ಡೇಟಾಗೆ. ಮೇಜನ್ನು ಬಿಚ್ಚಿ ಒಯ್ದರೂ ಒಂದು ವೈರೂ ಅಲುಗುವುದಿಲ್ಲ.

ಇಲ್ಲಿ ಹನ್ನೆರಡು ಆಸನಗಳ ಕಚೇರಿಯನ್ನು ಲೆಕ್ಕಕ್ಕೆ ಹಿಡಿದಿದ್ದೇವೆ: ನಾಲ್ಕು ಆಸನಕ್ಕೊಂದರಂತೆ ಮೂರು ಗುಂಪು. ಎರಡು ಗುಂಪು ವರ್ಷವಿಡೀ, ಮೂರನೆಯದು ಕೊಯ್ಲಿನ ಕಾಲಕ್ಕೆ.

ಮೊದಲು ಲೋಡ್, ಆಮೇಲೆ ಮೇಜಿನ ಬಣ್ಣ

ಒಂದು ಆಸನಕ್ಕೆ ಡೆಸ್ಕ್‌ಟಾಪ್ ಮತ್ತು ಮಾನಿಟರ್ ಸೇರಿ 150 ವಾಟ್ ಹಿಡಿಯಿರಿ. ಲ್ಯಾಪ್‌ಟಾಪ್ ಆದರೆ 65 ವಾಟ್ ಸಾಕು. ಹನ್ನೆರಡು ಆಸನಕ್ಕೆ 1,800 ವಾಟ್, ಅಂದರೆ 230 ವೋಲ್ಟ್‌ನಲ್ಲಿ ಸುಮಾರು 8 ಆಂಪಿಯರ್. ಇಷ್ಟು ಕಡಿಮೆ ಇರುವಾಗ ಒಂದೇ ಸರ್ಕ್ಯೂಟ್ ಸಾಲದೇ ಎಂದು ಅನೇಕರು ಕೇಳುತ್ತಾರೆ. ವೈರಿನ ಸಾಮರ್ಥ್ಯಕ್ಕೆ ಸಾಕು, ಸೋರಿಕೆಯ ಲೆಕ್ಕಕ್ಕೆ ಸಾಲದು. ಕೊಡಗಿನಲ್ಲಿ ನಿಜವಾಗಿ ಕಾಡುವುದು ಈ ಎರಡನೆಯದೇ.

ಪ್ರತಿ ಕಂಪ್ಯೂಟರ್, ಪ್ರತಿ ಮಾನಿಟರ್‌ನ ಪವರ್ ಸಪ್ಲೈ ತನ್ನ ಫಿಲ್ಟರ್ ಮೂಲಕ ಅರ್ಥ್‌ಗೆ ಒಂದಿಷ್ಟು ಕರೆಂಟನ್ನು ಸದಾ ಬಿಡುತ್ತಲೇ ಇರುತ್ತದೆ. ಉಪಕರಣಕ್ಕೆ ಸುಮಾರು 1 ಮಿಲಿಆಂಪಿಯರ್ ಎಂದು ಹಿಡಿಯಬಹುದು. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಹೀಗೆ ಸೋರುವ ಕರೆಂಟು ಮಿತಿ ಮೀರಿದರೆ ಲೈನ್ ಕಡಿಯುವ ಸಾಧನ) 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಟ್ರಿಪ್ ಆಗಬಹುದು. ಹನ್ನೆರಡು ಆಸನಗಳ ಇಪ್ಪತ್ನಾಲ್ಕು ಉಪಕರಣಗಳನ್ನು ಒಂದೇ ಆರ್‌ಸಿಸಿಬಿಗೆ ಹಾಕಿದರೆ ಬೇಸಿಗೆಯಲ್ಲೇ ಅದು ಅಂಚಿಗೆ ಬಂದಿರುತ್ತದೆ. ಕಕ್ಕಡದ (ಜುಲೈ–ಆಗಸ್ಟ್‌ನ) ಮಳೆಯಲ್ಲಿ ಸಾಕೆಟ್‌ಗಳ ಒಳಗೆ ತೇವ ಕೂತು ಇನ್ನಷ್ಟು ಸೋರಿದಾಗ ದಿನಕ್ಕೆ ಹತ್ತು ಸಲ ಬೀಳುತ್ತದೆ. ಆಗ ಯಾರಾದರೂ ಆರ್‌ಸಿಸಿಬಿಯನ್ನೇ ತೆಗೆಸಿಬಿಡುತ್ತಾರೆ. ತೇವದ ಊರಿನಲ್ಲಿ ಜೀವ ಉಳಿಸುವ ಸಾಧನ ಹೀಗೆ ಲೆಕ್ಕದ ತಪ್ಪಿಗೆ ಬಲಿಯಾಗುವುದು ಬೇಸರದ ಸಂಗತಿ. ಯಾವಾಗಲೂ ಇರುವ ಸೋರಿಕೆ 9 ಮಿಲಿಆಂಪಿಯರ್ ದಾಟದಂತೆ ನೋಡಿಕೊಳ್ಳಿ. ನಾಲ್ಕು ಆಸನಕ್ಕೆ ಎಂಟು ಉಪಕರಣ, ಅಲ್ಲಿಗೆ 8 ಮಿಲಿಆಂಪಿಯರ್. ಆದ್ದರಿಂದಲೇ ನಾಲ್ಕು ಆಸನಕ್ಕೊಂದು ಗುಂಪು, ಗುಂಪಿಗೊಂದು ಆರ್‌ಸಿಬಿಒ (ಸೋರಿಕೆಗೂ ಅತಿಯಾದ ಲೋಡ್‌ಗೂ ಬೀಳುವ ಬ್ರೇಕರ್).

ವಿತರಣಾ ಪೆಟ್ಟಿಗೆಯಲ್ಲಿ ಬೇಕಾದದ್ದು:

- ಯುಪಿಎಸ್ ಕಡೆಗೆ ಮೂರು ಆರ್‌ಸಿಬಿಒ. ಎಲ್ಲವೂ ಎರಡು ಧ್ರುವದವು, 10 ಆಂಪಿಯರ್, ಸಿ ಕರ್ವ್ (ಕ್ಷಣದ ಹೊಡೆತವನ್ನು ಬಿ ಕರ್ವ್‌ಗಿಂತ ಹೆಚ್ಚು ತಾಳುವ ಬಗೆ), 30 ಮಿಲಿಆಂಪಿಯರ್. ಬಿ ಕರ್ವ್ ಹಾಕಿದರೆ ಕರೆಂಟು ಬಂದ ಕ್ಷಣದಲ್ಲಿ ಎಲ್ಲ ಕಂಪ್ಯೂಟರ್‌ಗಳೂ ಒಟ್ಟಿಗೆ ಎಳೆಯುವ ಹೊಡೆತಕ್ಕೆ ಬೀಳಬಹುದು.
- ನೇರ ಕರೆಂಟಿನ, ಅಂದರೆ ಯುಪಿಎಸ್ ಮೂಲಕ ಬಾರದ ಮೇನ್ ಲೈನಿನ, ಮೇಜು ಸಾಕೆಟ್‌ಗಳಿಗೆ ಇದೇ ಬಗೆಯ ಒಂದು.
- ಲೇಸರ್ ಪ್ರಿಂಟರ್‌ಗೆ ಪ್ರತ್ಯೇಕ ಒಂದು. ಕಾಗದ ಬಿಸಿ ಮಾಡುವಾಗ ಅದು ಸಾವಿರ ವಾಟ್ ಆಸುಪಾಸು ಎಳೆಯುತ್ತದೆ. ಯುಪಿಎಸ್‌ಗೆ ಎಂದೂ ಸೇರಿಸಬೇಡಿ.
- ಕೆಟಲ್, ರೂಮ್ ಹೀಟರ್‌ಗೆ ಗೋಡೆಯಲ್ಲೇ 16 ಆಂಪಿಯರ್ ಸಾಕೆಟ್, 4 ಚದರ ಮಿಮೀ ವೈರ್, ಅದರದೇ ಆರ್‌ಸಿಬಿಒ.
- ಒಳಬರುವ ಲೈನಿಗೆ ಟೈಪ್ 2 ಸರ್ಜ್ ರಕ್ಷಕ (ಸಿಡಿಲಿನಂಥ ವೋಲ್ಟೇಜ್ ಹೊಡೆತವನ್ನು ಅರ್ಥ್‌ಗೆ ಹರಿಸುವ ಸಾಧನ).

ಹೀಟರ್ ವಿಷಯ ಒತ್ತಿ ಹೇಳಬೇಕಾದದ್ದು. ಜುಲೈ ಚಳಿಯಲ್ಲಿ ಮಡಿಕೇರಿಯ ಕಚೇರಿಗಳಲ್ಲಿ ಮೇಜಿನಡಿಗೆ 2,000 ವಾಟ್‌ನ ಹೀಟರ್ ಬಂದೇ ಬರುತ್ತದೆ. ಹತ್ತಿರದ ಸಾಕೆಟ್ ಯಾವುದೋ ಅದಕ್ಕೇ ಸಿಕ್ಕಿಸುತ್ತಾರೆ. ಅದಕ್ಕೆ ಗೋಡೆಯಲ್ಲಿ ಜಾಗ ಮಾಡಿಕೊಡದೆ ಬರೀ ‘ಹಾಕಬೇಡಿ’ ಎಂದರೆ ಯಾರೂ ಕೇಳುವುದಿಲ್ಲ. ಬೆನ್ನುಪೆಟ್ಟಿಗೆಯಲ್ಲಿ 6 ಆಂಪಿಯರ್ ಸಾಕೆಟ್ ಮಾತ್ರ ಇಟ್ಟರೆ ಹೀಟರಿನ ದಪ್ಪ ಪಿನ್ ಅಲ್ಲಿ ಕೂರುವುದೇ ಇಲ್ಲ. ಇದು ಬೋರ್ಡಿನ ಮೇಲೆ ಬರೆದ ಎಚ್ಚರಿಕೆಗಿಂತ ಬಲವಾದ ತಡೆ.

ಸರ್ಜ್ ರಕ್ಷಕದಿಂದ ಅರ್ಥ್ ಪಟ್ಟಿಗೆ ಹೋಗುವ ವೈರ್ ಗಿಡ್ಡವಿರಲಿ, ಎರಡೂ ಕಡೆಯ ವೈರ್ ಸೇರಿ ಅರ್ಧ ಮೀಟರ್ ಮೀರದಿರಲಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಉದ್ದ ವೈರಿನ ರಕ್ಷಕ ಇದ್ದೂ ಇಲ್ಲದಂತೆ. ಮೇನ್‌ನಲ್ಲಿ ಆರ್‌ಸಿಸಿಬಿ ಇದ್ದರೆ ಅದು 100 ಮಿಲಿಆಂಪಿಯರ್‌ನ, ತಡವಾಗಿ ಬೀಳುವ ಬಗೆಯದಾಗಿರಲಿ. ಅಲ್ಲೂ 30ರದ್ದನ್ನೇ ಹಾಕಿದರೆ ಒಂದು ಮೇಜಿನ ದೋಷಕ್ಕೆ ಇಡೀ ಕಚೇರಿ ಕತ್ತಲಾಗುತ್ತದೆ.

ನ್ಯೂಟ್ರಲ್ ಬೆರೆಸಬೇಡಿ

ಹಳೆಯ ಕಟ್ಟಡಗಳಲ್ಲಿ ಕಾಣಸಿಗುವ ದೋಷಗಳಲ್ಲಿ ಮುಖ್ಯವಾದದ್ದು ಇದು. ಯುಪಿಎಸ್‌ನ ಫೇಸ್ ಬೇರೆ ಎಳೆದು, ನ್ಯೂಟ್ರಲ್ ಮಾತ್ರ ಹತ್ತಿರದ ಸ್ವಿಚ್ ಬೋರ್ಡಿನಿಂದ ತೆಗೆದುಕೊಂಡಿರುತ್ತಾರೆ. ಬಲ್ಬು ಉರಿಯುತ್ತದೆ, ಕಂಪ್ಯೂಟರೂ ಓಡುತ್ತದೆ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಆರ್‌ಸಿಬಿಒ ಹಾಕಿದ ದಿನ ಬಣ್ಣ ಬಯಲಾಗುತ್ತದೆ: ಹೋದ ಕರೆಂಟು ಅದೇ ದಾರಿಯಲ್ಲಿ ಮರಳದ ಕಾರಣ ಲೋಡ್ ಹಾಕಿದೊಡನೆ ಬೀಳುತ್ತದೆ. ಎಲೆಕ್ಟ್ರಿಷಿಯನ್ ‘ಆರ್‌ಸಿಬಿಒ ಪೀಸೇ ಸರಿಯಿಲ್ಲ’ ಎಂದರೆ ಮೊದಲು ನ್ಯೂಟ್ರಲ್ ನೋಡಿಸಿ. ಪ್ರತಿ ಆರ್‌ಸಿಬಿಒದಿಂದ ಹೊರಟ ಫೇಸ್ ಮತ್ತು ನ್ಯೂಟ್ರಲ್ ಜೋಡಿಯಾಗಿಯೇ ಕೊನೆಯ ಸಾಕೆಟ್‌ವರೆಗೆ ಹೋಗಬೇಕು, ನಡುವೆ ಇನ್ನಾವ ನ್ಯೂಟ್ರಲ್ಲನ್ನೂ ಮುಟ್ಟಬಾರದು. ಜನರೇಟರ್ ಇರುವ ಎಸ್ಟೇಟ್ ಕಚೇರಿಗಳಲ್ಲಿ ಚೇಂಜ್‌ಓವರ್ ಸ್ವಿಚ್ ನ್ಯೂಟ್ರಲ್ಲನ್ನೂ ಬದಲಿಸುವಂಥದ್ದಾಗಿರಲಿ.

ಹನ್ನೆರಡು ಆಸನದ 1,800 ವಾಟ್‌ಗೆ 3 ಕೆವಿಎ ಆನ್‌ಲೈನ್ ಯುಪಿಎಸ್ ಸಾಕು. 0.8 ಪವರ್ ಫ್ಯಾಕ್ಟರ್‌ನಲ್ಲಿ ಅದು 2,400 ವಾಟ್ ಕೊಡುತ್ತದೆ. ಬ್ಯಾಟರಿ ಎಷ್ಟು ಹೊತ್ತು ಎಂಬುದು ನಿಮ್ಮ ಲೈನಿನ ಮೇಲೆ ಬಿದ್ದದ್ದು. ಮರ ಬಿದ್ದು ಗಂಟೆಗಟ್ಟಲೆ ಕರೆಂಟ್ ಹೋಗುವ ಕಡೆ ಬ್ಯಾಟರಿಯನ್ನೇ ನಂಬುವುದಕ್ಕಿಂತ ಜನರೇಟರ್ ಶುರುವಾಗುವವರೆಗಿನ ಅರ್ಧ ಗಂಟೆಗೆ ಲೆಕ್ಕ ಹಾಕುವುದು ಜಾಣತನ.

ಗೋಡೆಯ ಬಿಂದುಗಳು

ಹಳೆಯ ಹೆಂಚಿನ ಮನೆಯನ್ನು ಕಚೇರಿ ಮಾಡಿಕೊಂಡಿದ್ದರೆ ಕೆಂಪು ಕಾವಿ ನೆಲವನ್ನು ಅಗೆಯುವ ಮಾತೇ ಬೇಡ. ಒಮ್ಮೆ ಒಡೆದ ಕಾವಿ ನೆಲ ಮತ್ತೆ ಮೊದಲಿನಂತೆ ಕೂಡುವುದಿಲ್ಲ, ಅದರಡಿಯ ಪೈಪಿಗೆ ಮಳೆಗಾಲದಲ್ಲಿ ನೀರೂ ಸೇರಬಹುದು. ಗೋಡೆಯ ಮೇಲ್ಮೈಯಲ್ಲೇ ಎರಡು ಕೋಣೆಗಳ 100×50 ಮಿಮೀ ಪಿವಿಸಿ ಟ್ರಂಕಿಂಗ್ (ವೈರ್ ಹಾಯಿಸುವ, ಮುಚ್ಚಳವಿರುವ ಪಟ್ಟಿ) ಓಡಿಸಿ, ನೆಲದಿಂದ ಕನಿಷ್ಠ 450 ಮಿಮೀ ಮೇಲೆ. ಕೆಳಗಿನ ಭಾಗದಲ್ಲಿ ಗೋಡೆ ನೆಲದ ತೇವವನ್ನು ಹೀರುತ್ತದೆ. ಮುಂಗಾರಿನ ಗಾಳಿ ಬಡಿಯುವ ಪಡುವಣ, ನೈಋತ್ಯ ಗೋಡೆಗಳನ್ನು ಸಾಧ್ಯವಾದಷ್ಟು ಬಿಟ್ಟುಬಿಡಿ. ಬಿಡಲಾಗದಿದ್ದರೆ ಟ್ರಂಕಿಂಗ್ ಹಿಂದೆ 6 ಮಿಮೀ ವಾಷರ್ ಕೊಟ್ಟು ಗಾಳಿಯಾಡಲು ಸಂದು ಬಿಡಿ.

ಸುಮಾರು 3 ಮೀಟರ್‌ಗೊಂದು ಬಿಂದು ಇರಲಿ. ಪ್ರತಿ ಬಿಂದುವಿನಲ್ಲಿ ಮೂರು: ಯುಪಿಎಸ್‌ಗೆ 16 ಆಂಪಿಯರ್‌ನ ನೀಲಿ ಇಂಡಸ್ಟ್ರಿಯಲ್ ಸಾಕೆಟ್, ನೇರ ಕರೆಂಟಿಗೆ ಸಾಮಾನ್ಯ 16 ಆಂಪಿಯರ್ ಮೂರು ಪಿನ್ ಸಾಕೆಟ್, ಎರಡು ಪೋರ್ಟಿನ ಕ್ಯಾಟ್6 (ನೆಟ್‌ವರ್ಕ್ ಕೇಬಲ್) ಔಟ್‌ಲೆಟ್. ಎರಡು ಬಗೆಯ ಪ್ಲಗ್ ಇಡುವುದು ಬೇಕೆಂದೇ. ಆಕಾರವೇ ಬೇರೆ ಇದ್ದಾಗ, ಕತ್ತಲಲ್ಲಿ ಆತುರದಿಂದ ಸಿಕ್ಕಿಸಿದರೂ ಯುಪಿಎಸ್ ಮತ್ತು ನೇರ ಲೈನ್ ಅದಲುಬದಲಾಗುವುದಿಲ್ಲ. ಒಂದು ಎಚ್ಚರಿಕೆ: ಒಂದೇ ಆರ್‌ಸಿಬಿಒದ ಎರಡು ಯುಪಿಎಸ್ ಬಿಂದುಗಳಿಗೆ ಎರಡು ಗುಂಪು ಸಿಕ್ಕಿಸಿದರೆ ಸೋರಿಕೆಯ ಲೆಕ್ಕವೆಲ್ಲ ತಲೆಕೆಳಗು. ಹೀಗಾಗಿ ಬಿಂದುವಿನ ಮೇಲೆ ಯು1, ಯು2, ಯು3 ಎಂದು ಆರ್‌ಸಿಬಿಒ ಸಂಖ್ಯೆ ಕೆತ್ತಿದ ಫಲಕ ಹಾಕಿ. ಕಾಗದದ ಚೀಟಿ ಒಂದು ಮಳೆಗಾಲ ದಾಟುವುದಿಲ್ಲ.

ಹಾಲ್‌ನ ನಡುವೆ ನಿಲ್ಲುವ ಗುಂಪಿಗೆ ಕೇಬಲ್ ನೆಲದ ಮೇಲೆ ಎಳೆಯದೆ ಮೇಲಿನಿಂದ ಇಳಿಸಿ. ಮರದ ಅಟ್ಟದ ತೊಲೆಗೆ ಬಿಗಿದ, ಒಳಗೆ ಎರಡು ಕೋಣೆ ಇರುವ ಅಲ್ಯೂಮಿನಿಯಂ ಕಂಬ ಸಾಕು. ಕಾರ್ಪೆಟ್ ಅಡಿಯಲ್ಲಿ ಕೇಬಲ್ ಹಾಯಿಸುವುದು ಬೇಡವೇ ಬೇಡ. ತುಳಿತಕ್ಕೆ ಇನ್ಸುಲೇಶನ್ ಸವೆಯುವುದು ಮೇಲಿಂದ ಕಾಣುವುದಿಲ್ಲ.

ಬೆನ್ನುಪೆಟ್ಟಿಗೆ

1.2 ಮಿಮೀ ಜಿಐ ತಗಡಿನಲ್ಲಿ 2,400 ಮಿಮೀ ಉದ್ದ, 150 ಮಿಮೀ ಅಗಲ, 250 ಮಿಮೀ ಎತ್ತರ. ನೆಲದಿಂದ 600 ಮಿಮೀಗೆ ಶುರುವಾಗಿ 850ಕ್ಕೆ ಮುಗಿಯುತ್ತದೆ. ಮೇಜಿನ ಮಟ್ಟ 750 ಆದ್ದರಿಂದ ಮೇಲಿನ 100 ಮಿಮೀ ಮೇಜಿನ ಮೇಲೆ ಎದ್ದು ನಿಲ್ಲುತ್ತದೆ. ಸಾಕೆಟ್‌ಗಳು ಈ ನೆಟ್ಟಗಿನ ಮುಖದಲ್ಲಿ, ಎರಡೂ ಬದಿಗೆ. ಮೇಜಿನಲ್ಲೇ ತೂತು ಕೊರೆದು ಮೇಲ್ಮುಖದ ಫ್ಲಾಪ್ ಪೆಟ್ಟಿಗೆ ಕೂರಿಸುವುದು ನೋಡಲು ಚೆಂದ. ಆದರೆ ಕಾಫಿ ಲೋಟ ಉರುಳಿದರೆ ಅದು ನೇರ ಸಾಕೆಟ್ಟಿಗೇ ಇಳಿಯುತ್ತದೆ. ನೆಟ್ಟಗಿನ ಮುಖದಲ್ಲಿ, ಮೇಜಿನಿಂದ ಎರಡು ಬೆರಳು ಮೇಲೆ ಇರುವ ಸಾಕೆಟ್‌ಗೆ ಆ ಭಯವಿಲ್ಲ.

ಕೆಳಗಿನ 150 ಮಿಮೀ ಭಾಗವನ್ನು ಉದ್ದಕ್ಕೂ ತಗಡಿನಿಂದ ಎರಡಾಗಿ ಸೀಳಿ: ಒಂದು ವಿದ್ಯುತ್ತಿಗೆ, ಒಂದು ಡೇಟಾಗೆ. ಕಾಲುಗಳು ಟಿ ಆಕಾರದವು, ಅಡಿ 500 ಮಿಮೀ ಅಗಲ, ಬೀಗ ಇರುವ 75 ಮಿಮೀ ಚಕ್ರಗಳೊಂದಿಗೆ. ಕೇಬಲ್ ಹೋಗುವ ಪ್ರತಿ ತೂತಿಗೂ ರಬ್ಬರ್ ಗ್ರೊಮೆಟ್ (ತೂತಿನ ಅಂಚಿನ ಬಳೆ) ಕೂರಿಸಿ, ಉಳಿದ ಎಲ್ಲ ಸಂದುಗಳನ್ನೂ ಮುಚ್ಚಿ. ಇಲಿ ಕ್ಯಾಟ್6ನ ಹೊದಿಕೆ ಕಡಿಯುತ್ತದೆ, ಹಲ್ಲಿ ಬೆಚ್ಚಗಿನ ಟರ್ಮಿನಲ್‌ಗಳ ನಡುವೆ ಹೊಕ್ಕು ಶಾರ್ಟ್ ಮಾಡುತ್ತದೆ. ಕಿರುಬೆರಳು ಹೋಗುವ ತೂತಿನಲ್ಲಿ ಇಲಿಮರಿ ಹೋಗುತ್ತದೆ ಎಂದೇ ತಿಳಿಯಿರಿ.

ಒಂದು ಪೆಟ್ಟಿಗೆಯ ಒಳಗೆ: ಆಸನಕ್ಕೆ ಎರಡರಂತೆ ಎಂಟು ಕೆಂಪು ಸಾಕೆಟ್, ಇವು ಯುಪಿಎಸ್‌ನವು. ಆಸನಕ್ಕೊಂದರಂತೆ ನಾಲ್ಕು ಬಿಳಿ, ಇವು ನೇರ ಕರೆಂಟಿನವು. ಒಳಗಿನ ನೆಟ್‌ವರ್ಕ್ ಸ್ವಿಚ್‌ಗೆ (ಒಂದು ಡೇಟಾ ಲೈನನ್ನು ಹಲವು ಕಂಪ್ಯೂಟರ್‌ಗಳಿಗೆ ಹಂಚುವ ಸಾಧನ) ಇನ್ನೊಂದು ಕೆಂಪು. ವೈರ್ 2.5 ಚದರ ಮಿಮೀ ತಾಮ್ರ, ಐಎಸ್ 694 ಗುರುತಿನದು. ಗೋಡೆಗೆ ಹೋಗುವ ಎರಡು ಕೇಬಲ್ ಮೂರು ಕೋರಿನ ಫ್ಲೆಕ್ಸಿಬಲ್, ಒಂದೊಂದು 3 ಮೀಟರ್. ಅದಕ್ಕಿಂತ ಉದ್ದ ಬೇಕೆನಿಸಿದರೆ ಗೋಡೆಯ ಬಿಂದು ತಪ್ಪು ಜಾಗದಲ್ಲಿದೆ. ವೈರಿನ ತುದಿಗಳಿಗೆ ಫೆರೂಲ್ (ಪುಟ್ಟ ಲೋಹದ ತೊಡಿಗೆ) ಕ್ರಿಂಪ್ ಮಾಡಿ, ಕವಲುಗಳಿಗೆ ಲಿವರ್ ಬಗೆಯ ಕನೆಕ್ಟರ್ ಬಳಸಿ. ತಿರುಚಿ ಟೇಪ್ ಸುತ್ತುವುದು ಇಲ್ಲಿ ನಡೆಯುವುದಿಲ್ಲ. ತೇವಕ್ಕೆ ಟೇಪಿನ ಅಂಟು ಜಾರಿ, ಎರಡನೇ ವರ್ಷಕ್ಕೆ ತಾಮ್ರ ಹಸಿರಾಗಿ ಜೋಡಣೆ ಬಿಸಿಯಾಗತೊಡಗುತ್ತದೆ.

ಇನ್ನು ಅರ್ಥಿಂಗ್. ಪೌಡರ್ ಕೋಟಿಂಗ್ ತುಕ್ಕು ತಡೆಯುತ್ತದೆ, ಜೊತೆಗೆ ಕರೆಂಟನ್ನೂ ತಡೆಯುತ್ತದೆ. ಪೇಂಟಿನ ಮೇಲೆ ಬೋಲ್ಟ್ ಬಿಗಿದು ‘ಅರ್ಥ್ ಆಯಿತು’ ಅಂದರೆ ಆಗಲಿಲ್ಲ. ಪೆಟ್ಟಿಗೆಯಲ್ಲಿ ಒಂದು ಕಡೆ ಪೇಂಟ್ ಕೆರೆದು ಬರಿಯ ಲೋಹ ಕಾಣಿಸಿ, ಹಲ್ಲಿನ ವಾಷರ್ ಹಾಕಿ, ರಿಂಗ್ ಲಗ್ ಕ್ರಿಂಪ್ ಮಾಡಿದ 4 ಚದರ ಮಿಮೀ ಹಸಿರು ವೈರನ್ನು ಬೋಲ್ಟ್‌ನಿಂದ ಬಿಗಿಯಿರಿ. ಬಿಗಿದ ಮೇಲೆ ಕೆರೆದ ಜಾಗಕ್ಕೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಮುಚ್ಚಳ, ನಡುವಿನ ತಗಡು, ಕಾಲು, ಇವಕ್ಕೂ ಒಂದೊಂದು ತುಂಡು ವೈರ್ ಹೋಗಬೇಕು. ಕರೆಂಟ್ ಕೊಡುವ ಮೊದಲು ಮಲ್ಟಿಮೀಟರ್‌ನ ಒಂದು ತುದಿಯನ್ನು ಪ್ಲಗ್ಗಿನ ಅರ್ಥ್ ಪಿನ್‌ಗೆ, ಇನ್ನೊಂದನ್ನು ಒಂದೊಂದೇ ಭಾಗದ ಬರಿ ಸ್ಕ್ರೂಗೆ ಹಿಡಿದು ನೋಡಿ. ಎಲ್ಲ ಕಡೆ ಒಂದು ಓಮ್ ಒಳಗೆ ಬರಬೇಕು.

ಡೇಟಾ

ಆಸನಕ್ಕೊಂದು ಕೇಬಲ್ಲನ್ನು ಗೋಡೆಯಿಂದಲೇ ಎಳೆದರೆ ನಾಲ್ಕೈದು ಕೇಬಲ್‌ಗಳ ದಪ್ಪ ಕಂತೆ ಆಗುತ್ತದೆ, ಪೆಟ್ಟಿಗೆ ಸರಿಸುವಾಗ ಬಾಗುವುದಿಲ್ಲ. ಬದಲಿಗೆ ಪೆಟ್ಟಿಗೆಯ ಡೇಟಾ ಕೋಣೆಯಲ್ಲೇ ಲೋಹದ ಕವಚದ, ಫ್ಯಾನ್ ಇಲ್ಲದ 8 ಪೋರ್ಟಿನ ಗಿಗಾಬಿಟ್ ಸ್ವಿಚ್ ಇಡಿ. ನಾಲ್ಕು ಆಸನ, ಒಂದು ಪ್ರಿಂಟರ್, ಗೋಡೆಗೆ ಒಂದು ಲೈನ್. ಎರಡು ಪೋರ್ಟ್ ಉಳಿಯುತ್ತದೆ. ಲೆಕ್ಕಪತ್ರ, ಬ್ರೌಸಿಂಗ್, ಬುಕಿಂಗ್ ಕೆಲಸಕ್ಕೆ ನಾಲ್ವರಿಗೆ ಒಂದು ಗಿಗಾಬಿಟ್ ಧಾರಾಳ.

ಗೋಡೆಗೆ ಹೋಗುವ ಕೇಬಲ್ ಎಳೆಎಳೆಯ ತಂತಿಯ ಪ್ಯಾಚ್ ಕಾರ್ಡ್ ಆಗಿರಲಿ, 3ರಿಂದ 5 ಮೀಟರ್. ಗೋಡೆಯೊಳಗೆ ಹಾಕುವ ಒಂಟಿ ತಂತಿಯ ಕ್ಯಾಟ್6 ಪದೇಪದೇ ಬಾಗಿದರೆ ಒಳಗೇ ಮುರಿಯುತ್ತದೆ. ಒಂದು ಜೋಡಿ ತುಂಡಾದಾಗ ಸಂಪರ್ಕ ಪೂರ್ತಿ ಹೋಗದೆ, ಸಾವಿರದಿಂದ ನೂರು ಮೆಗಾಬಿಟ್‌ಗೆ ಇಳಿದು ‘ನೆಟ್ ಸ್ಲೋ’ ಎಂಬ ದೂರಾಗಿ ಕಾಣಿಸಿಕೊಳ್ಳುವುದೇ ಹೆಚ್ಚು. ಎರಡನೇ ಡೇಟಾ ಕೇಬಲ್ ಬರೀ ಬದಲಿಗೆ ಇರುವಂಥದ್ದು. ಅದರ ತುದಿಗೆ ಕ್ಯಾಪ್ ಹಾಕಿ ಕಟ್ಟಿಡಿ. ಎರಡನ್ನೂ ಒಟ್ಟಿಗೆ ಸಿಕ್ಕಿಸಿದರೆ ಸಾಧಾರಣ ಸ್ವಿಚ್‌ನಲ್ಲಿ ಲೂಪ್ ಆಗಿ ಇಡೀ ಕಚೇರಿಯ ನೆಟ್‌ವರ್ಕ್ ನಿಂತುಹೋಗುತ್ತದೆ. ಕಸ ಗುಡಿಸುವಾಗ ಸಿಕ್ಕಿದ ಬಿಡಿ ತುದಿಯನ್ನು ಯಾರೋ ಒಳ್ಳೆಯ ಮನಸ್ಸಿನಿಂದ ಖಾಲಿ ಪೋರ್ಟಿಗೆ ಸಿಕ್ಕಿಸಿಬಿಡುವುದುಂಟು. ಇಂಟರ್ನೆಟ್ ಕಂಪನಿಗೆ ದೂರು ಕೊಡುವ ಮೊದಲು ಇದನ್ನು ನೋಡಿ.

ಜಾಕ್‌ಗೆ ಜೋಡಿಸುವಾಗ ಬಿ ಕ್ರಮವನ್ನೇ ಎಲ್ಲೆಡೆ ಅನುಸರಿಸಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿಯ ತಿರುಚನ್ನು 13 ಮಿಮೀಗಿಂತ ಹೆಚ್ಚು ಬಿಡಿಸಬೇಡಿ. ಬಾಗಿನ ತ್ರಿಜ್ಯ 25 ಮಿಮೀಗಿಂತ ಕಡಿಮೆಯಾಗಬಾರದು. ಅಗ್ಗಕ್ಕೆ ಸಿಗುವ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಬೇಡ. ಅದರ ಜೋಡಣೆ ಬೇಗ ಮುರಿಯುತ್ತದೆ, ಕ್ಯಾಮೆರಾಗೆ ಕೇಬಲ್‌ನಲ್ಲೇ ಕರೆಂಟ್ ಕೊಟ್ಟರೆ ಬಿಸಿಯಾಗುತ್ತದೆ. ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ.

ಕಚೇರಿಯಿಂದ ತೂಕದ ಮನೆಗೋ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಶೆಡ್ಡಿಗೋ ಸಂಪರ್ಕ ಬೇಕಿದ್ದರೆ ತಾಮ್ರದ ಕೇಬಲ್ ಹಾಕದೆ ಫೈಬರ್ ಹಾಕಿ. ಕ್ಯಾಟ್6ಗೆ 100 ಮೀಟರ್ ಮಿತಿ ಇರುವುದು ಒಂದು ಕಾರಣ, ಸಿಡಿಲಿನ ಹೊಡೆತ ಲೋಹದ ತಂತಿ ಹಿಡಿದು ಒಳಬರುವುದು ಇನ್ನೂ ದೊಡ್ಡ ಕಾರಣ. ಹೊರಗಿನಿಂದ ಬರುವ ಫೈಬರ್ ಕೇಬಲ್ಲಿಗೆ ಆಧಾರವಾಗಿ ಉಕ್ಕಿನ ತಂತಿ ಇದ್ದರೆ ಅದನ್ನು ಗೋಡೆಯ ಹೊರಗೇ ಕೊಕ್ಕೆಗೆ ಕಟ್ಟಿ ಕತ್ತರಿಸಿ. ಫೈಬರ್ ಮಾತ್ರ ಒಳಗೆ ಬರಲಿ.

ಮೇಜು

ಇದು ಬಡಗಿಯ ಕೆಲಸ, ಇಲ್ಲಿ ಕಷ್ಟವಿಲ್ಲ. 1,200×600 ಮಿಮೀ, 19 ಮಿಮೀ ದಪ್ಪದ ಐಎಸ್ 710 ಮೆರೈನ್ ಪ್ಲೈವುಡ್. ಪಾರ್ಟಿಕಲ್ ಬೋರ್ಡ್ ಕುಶಾಲನಗರದ ಒಣ ಹವೆಗೆ ಬಾಳೀತು, ಮಡಿಕೇರಿ, ಭಾಗಮಂಡಲದ ಕಡೆ ಅಂಚಿನಿಂದ ಉಬ್ಬುತ್ತದೆ. ಲ್ಯಾಮಿನೇಟ್ ಎರಡೂ ಮುಖಕ್ಕೆ ಅಂಟಿಸಿ. ಮೇಲೊಂದೇ ಅಂಟಿಸಿದರೆ ಕೆಳಮುಖ ತೇವ ಹೀರಿ ಹಲಗೆ ಬಾಗುತ್ತದೆ. ಸುತ್ತಲೂ 2 ಮಿಮೀ ಪಿವಿಸಿ ಅಂಚು. ಬಟ್ಟೆ ಹೊದಿಸಿದ ಅಡ್ಡತೆರೆಗಳಿಗೆ ಬೂಷ್ಟು ಹಿಡಿಯುವುದು ಖಚಿತ, ಲ್ಯಾಮಿನೇಟ್ ಅಥವಾ ಗಾಜು ಇರಲಿ. ಮೇಜನ್ನು ಬೆನ್ನುಪೆಟ್ಟಿಗೆಗೆ ಎರಡೆರಡು ಎಂ8 ಹಿಡಿಕೆ ಬೋಲ್ಟ್‌ಗಳಿಂದ ಬಿಗಿಯಿರಿ, ಸ್ಪ್ಯಾನರ್ ಇಲ್ಲದೆ ಬಿಚ್ಚುವಂತಿರಬೇಕು. ಗೋಡೆಗೆ ತಾಗಿಸದೆ 75 ಮಿಮೀ ಸಂದು ಬಿಡಿ.

ಜಾಗ ಬದಲಿಸುವಾಗ

ಕಂಪ್ಯೂಟರ್‌ಗಳನ್ನು ಆಫ್ ಮಾಡಿ, ಆ ಗುಂಪಿನ ಯುಪಿಎಸ್ ಆರ್‌ಸಿಬಿಒ ಇಳಿಸಿ, ನೇರ ಕರೆಂಟಿನ ಗೋಡೆ ಸ್ವಿಚ್ಚನ್ನೂ ಆಫ್ ಮಾಡಿ. ಮೊದಲು ಗೋಡೆಯ ಕಡೆಯ ವಿದ್ಯುತ್ ಪ್ಲಗ್‌ಗಳು, ನಂತರ ಡೇಟಾ. ಕೇಬಲ್‌ಗಳನ್ನು ಸುರುಳಿ ಮಾಡಿ ಪೆಟ್ಟಿಗೆಯ ಬದಿಯ ಕೊಕ್ಕೆಗೆ ಹಾಕಿ. ಮೇಜುಗಳನ್ನು ಬಿಚ್ಚಿ, ಪೆಟ್ಟಿಗೆಯನ್ನು ಇಬ್ಬರು ತಳ್ಳಿ. ಹೊಸ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕಿ, ಮೇಜು ಬಿಗಿದು, ಕೇಬಲ್ ಎಲ್ಲೂ ಸೆಳೆತದಲ್ಲಿಲ್ಲ, ಓಡಾಡುವ ದಾರಿಗೆ ಅಡ್ಡ ಬಂದಿಲ್ಲ ಎಂದು ನೋಡಿಕೊಂಡ ಮೇಲೆ ಪ್ಲಗ್ ಹಾಕಿ. ಕೊನೆಗೆ ಆರ್‌ಸಿಬಿಒ ಏರಿಸಿ ಅದರ ಟೆಸ್ಟ್ ಬಟನ್ ಒತ್ತಿ. ಬಿದ್ದರೆ ಸರಿ, ಬೀಳದಿದ್ದರೆ ಆ ಆರ್‌ಸಿಬಿಒ ಬದಲಿಸುವವರೆಗೆ ಗುಂಪನ್ನು ಬಳಸಬೇಡಿ.

ಕೊಯ್ಲು ಮುಗಿದು ಮೂರನೇ ಪೆಟ್ಟಿಗೆಯನ್ನು ಮೂಲೆಗೆ ಇಡುವಾಗ ಪ್ಲಾಸ್ಟಿಕ್ ಹಾಳೆ ಸುತ್ತಬೇಡಿ, ಒಳಗೆ ಬೆವರು ಕಟ್ಟುತ್ತದೆ. ಹತ್ತಿಬಟ್ಟೆ ಹೊದಿಸಿ, ಖಾಲಿ ಸಾಕೆಟ್ ಮತ್ತು ಡೇಟಾ ಪೋರ್ಟ್‌ಗಳಿಗೆ ಮುಚ್ಚಳ ಹಾಕಿ. ಡಿಸೆಂಬರ್‌ನಲ್ಲಿ ಮತ್ತೆ ಹೊರತೆಗೆದಾಗ ನೆಟ್‌ವರ್ಕ್ ಸ್ವಿಚ್ ಮತ್ತು ಎಲ್ಲ ಉಪಕರಣಗಳನ್ನು ಕಳಚಿ, 500 ವೋಲ್ಟ್ ಮೆಗ್ಗರ್‌ನಿಂದ ಇನ್ಸುಲೇಶನ್ ಅಳೆಸಿ. 1 ಮೆಗಾಓಮ್‌ಗಿಂತ ಕೆಳಗೆ ಬಂದರೆ ಮುಚ್ಚಳ ತೆಗೆದು ಎರಡು ದಿನ ಬಿಸಿಲಿನ ಕೋಣೆಯಲ್ಲಿ ಒಣಗಿಸಿ ಮತ್ತೆ ಅಳೆಯಿರಿ. ಆಗಲೂ ಏರದಿದ್ದರೆ ಸಾಕೆಟ್‌ಗಳನ್ನು ಒಂದೊಂದಾಗಿ ಬಿಡಿಸಿ ಹುಡುಕಬೇಕು, ಹೆಚ್ಚಾಗಿ ದೋಷ ಇರುವುದು ಗೋಡೆಗೆ ಹತ್ತಿರವಿದ್ದ ತುದಿಯ ಸಾಕೆಟ್‌ನಲ್ಲೇ.

ಬಳಕೆಯಲ್ಲಿರುವ ಗುಂಪುಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಪರೀಕ್ಷೆ ಆಗಲಿ. ಅದೇ ದಿನ ಒಂದು ಸಾಕೆಟ್‌ನಲ್ಲಿ ನ್ಯೂಟ್ರಲ್–ಅರ್ಥ್ ನಡುವಿನ ವೋಲ್ಟೇಜ್ ಅಳೆದು ಬರೆದಿಡಿ. 3 ವೋಲ್ಟ್ ಒಳಗಿದ್ದರೆ ಒಳ್ಳೆಯದು. ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಎಲ್ಲೋ ನ್ಯೂಟ್ರಲ್ ಜೋಡಣೆ ಸಡಿಲಾಗುತ್ತಿದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬೆಟ್ಟದ ಇಳಿಜಾರಿನ ಕಲ್ಲುಮಣ್ಣು ಒಣಗಿ ಅರ್ಥ್ ಪಿಟ್‌ನ ಪ್ರತಿರೋಧ ಹೆಚ್ಚುತ್ತದೆ. ಆ ಮೂರು ತಿಂಗಳು ವಾರಕ್ಕೊಮ್ಮೆ ಪಿಟ್‌ಗೆ ಒಂದೆರಡು ಬಕೆಟ್ ನೀರು ಹಾಕಿ.